ಫಲಕದ ಮೇಜಿಗೆ ಯಾವ ಹಾಸು? ಅಕ್ಷರ ಕತ್ತರಿಸುವ ಹಲಗೆ ಆರಿಸುವ ಬಗೆ



ನವೆಂಬರ್ ಹತ್ತಿರ ಬಂತೆಂದರೆ ಗಡಿಯೂರುಗಳ ಕನ್ನಡ ಸಂಘಗಳಲ್ಲಿ ಫಲಕದ ಕೆಲಸ ಶುರು. ರಾಜ್ಯೋತ್ಸವದ ವೇದಿಕೆಗೆ ಅಕ್ಷರ ಬೇಕು, ಕನ್ನಡ ಶಾಲೆಯ ಗೇಟಿಗೆ ಹೆಸರು ಬೇಕು, ವಾಚನಾಲಯದ ಬಾಗಿಲಿಗೆ ವೇಳಾಪಟ್ಟಿ ಬೇಕು. ನಮ್ಮ ತಾಳವಾಡಿ ಸೀಮೆಯಲ್ಲಿ ಇವುಗಳ ಜೊತೆಗೆ ದೀಪಾವಳಿ ಹೊತ್ತಿಗೆ ಗುಮಟಾಪುರದ ಗೊರೆಹಬ್ಬಕ್ಕೆ ಬರುವವರಿಗೆ ದಾರಿ ತೋರಿಸುವ ಬಾಣದ ಗುರುತು, ಏಪ್ರಿಲ್ 24ಕ್ಕೆ ಗಾಜನೂರಿನಲ್ಲಿ ಹುಟ್ಟಿದ ಡಾ. ರಾಜ್‌ಕುಮಾರ್ ಅವರ ಜನ್ಮದಿನದ ಫಲಕ ಸೇರಿಕೊಳ್ಳುತ್ತವೆ.

ಹಿಂದೆ ಇದೆಲ್ಲ ಕುಂಚದ ಕೆಲಸ. ತಗಡಿಗೆ ಬಣ್ಣ ಬಳಿದು ಪೇಂಟರುಗಳು ಬರೆಯುತ್ತಿದ್ದರು. ಈಗ ಬಹುಪಾಲು ಸ್ಟಿಕರ್, ಸನ್‌ಬೋರ್ಡ್, ಎ.ಸಿ.ಪಿ. ಶೀಟು. ಪಟ್ಟಣದ ಅಂಗಡಿಯಲ್ಲಿ ಯಂತ್ರ ಅಕ್ಷರ ಕತ್ತರಿಸಿ ಕೊಟ್ಟರೂ ಅಂಚು ಸರಿಮಾಡುವುದು, ಬೇಡದ ಭಾಗ ಕಿತ್ತು ತೆಗೆಯುವುದು, ಬಿಟ್ಟುಹೋದ ಒತ್ತಕ್ಷರ ಕತ್ತರಿಸಿ ಅಂಟಿಸುವುದು, ಸನ್‌ಬೋರ್ಡನ್ನು ಆಕಾರಕ್ಕೆ ಕೊಯ್ಯುವುದು ಇವೆಲ್ಲ ನಮ್ಮ ನಮ್ಮ ಮೇಜಿನ ಮೇಲೆ ಕೈಯಿಂದಲೇ ಆಗಬೇಕು. ಸ್ಟಿಕರ್ ಯಾವ ಕಂಪನಿಯದು, ಕಟ್ಟರ್ ಯಾವುದು ಎಂದು ಎಲ್ಲರೂ ವಿಚಾರಿಸುತ್ತಾರೆ. ಕತ್ತರಿಸುವಾಗ ಅಡಿಯಲ್ಲಿ ಏನು ಹಾಸಬೇಕು ಎಂದು ಕೇಳುವವರು ಕಡಿಮೆ. ಹಳೆಯ ಪೇಪರು, ರಟ್ಟು, ಕೆಲವೊಮ್ಮೆ ಬರಿಯ ನೆಲ. ಆ ವಿಷಯಕ್ಕಾಗಿಯೇ ಈ ಟಿಪ್ಪಣಿ.

ಸಾರಾಂಶವನ್ನು ಮೊದಲೇ ಹೇಳಿಬಿಡುತ್ತೇವೆ. ಹಾಸನ್ನು ಅತಿ ದೊಡ್ಡ ಫಲಕ ನೋಡಿ ಕೊಳ್ಳಬೇಡಿ, ಅತಿ ಚಿಕ್ಕ ಒತ್ತಕ್ಷರ ನೋಡಿ ಕೊಳ್ಳಿ. ಒಂದೇ ಹಾಸು ಎಲ್ಲ ಕೆಲಸಕ್ಕೂ ಬಾಳಿಕೆ ಬರುವುದಿಲ್ಲ. ಅಕ್ಷರಕ್ಕೆ ಒಂದು, ಒರಟು ಕೆಲಸಕ್ಕೆ ಇನ್ನೊಂದು ಎಂದು ಬೇರೆ ಮಾಡಿಟ್ಟರೆ ಎರಡೂ ವರ್ಷಗಟ್ಟಲೆ ಬರುತ್ತವೆ.

1. ಹಾಸು ಏಕೆ ಮುಖ್ಯ

1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದ್ರಾಸು ರಾಜ್ಯದಲ್ಲೇ ಉಳಿಯಿತು. ಹಾಗಾಗಿ ನಮ್ಮ ಫಲಕಗಳಲ್ಲಿ ಕನ್ನಡ ಮೊದಲ ಸಾಲಲ್ಲ. ತಮಿಳುನಾಡಿನಲ್ಲಿ ಅಂಗಡಿ, ಸಂಸ್ಥೆಗಳ ಹೆಸರು ಫಲಕದಲ್ಲಿ ತಮಿಳು ಮೇಲಿರಬೇಕು, ಬೇರೆ ಭಾಷೆ ಅದರ ಕೆಳಗೆ. ತಮಿಳು, ಇಂಗ್ಲಿಷ್, ಇತರ ಭಾಷೆ ಇವುಗಳ ಪ್ರಮಾಣ 5:3:2. ಇತರ ಗಡಿ ರಾಜ್ಯಗಳಲ್ಲಿ ನಿಯಮದ ಮಾತು ಬೇರೆ ಇರಬಹುದು, ಆದರೆ ಆ ರಾಜ್ಯದ ಭಾಷೆಗೆ ಮೊದಲ ಸ್ಥಾನ, ನಮ್ಮದಕ್ಕೆ ಉಳಿದ ಜಾಗ ಎಂಬ ಅನುಭವ ಎಲ್ಲ ಸದಸ್ಯರಿಗೂ ಇದೆ. ಇದು ಕಾನೂನು, ಪಾಲಿಸಬೇಕು. ನಾವು ಹೇಳುವುದು ಇಷ್ಟೇ: ಸಿಕ್ಕಿದ ಆ ಕಡೆಯ ಸಾಲನ್ನು ಚೆನ್ನಾಗಿ ಕತ್ತರಿಸೋಣ.

ಲೆಕ್ಕ ನೋಡಿ. ಒಂದು ಅಡಿ ಎತ್ತರದ ಚಿಕ್ಕ ಫಲಕದಲ್ಲಿ ಅಂಚು ಬಿಟ್ಟು 10 ಅಂಗುಲ ಸಿಗುತ್ತದೆ ಎನ್ನಿ. ಎತ್ತರವನ್ನು 5:3:2 ಲೆಕ್ಕದಲ್ಲಿ ಹಂಚಿದರೆ ತಮಿಳಿಗೆ 5, ಇಂಗ್ಲಿಷಿಗೆ 3, ಕನ್ನಡಕ್ಕೆ 2 ಅಂಗುಲ. ಆ 2 ಅಂಗುಲದಲ್ಲಿ ಮೇಲೆ ಗುಡಿಸು ಮತ್ತು ತಲೆಕಟ್ಟು, ನಡುವೆ ಅಕ್ಷರ, ಕೆಳಗೆ ಒತ್ತು, ಮೂರೂ ಹಿಡಿಯಬೇಕು. ಅಕ್ಷರಕ್ಕೆ ಸುಮಾರು ಒಂದು ಅಂಗುಲ ಕೊಟ್ಟರೆ ಒತ್ತಿಗೆ ಉಳಿಯುವುದು ಅರ್ಧ ಅಂಗುಲ, ಅಂದರೆ 12–13 ಮಿಲಿಮೀಟರ್. ಆ ಒತ್ತಿನ ಗೆರೆಯ ದಪ್ಪ ಎರಡು ಮಿಲಿಮೀಟರ್ ಇದ್ದರೆ ಹೆಚ್ಚು.

ಐದು ಅಂಗುಲದ ಅಕ್ಷರದಲ್ಲಿ ಬ್ಲೇಡು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಯಾರಿಗೂ ಕಾಣದು. ಎರಡು ಮಿಲಿಮೀಟರಿನ ಗೆರೆಯಲ್ಲಿ ಅಷ್ಟೇ ಸರಿದರೆ ಅರ್ಧ ಗೆರೆ ಹೋಯಿತು. ತಮಿಳಿನಲ್ಲಿ ಒತ್ತಕ್ಷರವಿಲ್ಲ, ಅಕ್ಷರದ ಮೇಲೆ ಚುಕ್ಕೆ ಇಡುತ್ತಾರೆ. ನಮ್ಮಲ್ಲಿ ಒತ್ತು ಬೇರೆಯೇ ಒಂದು ಚೂರಾಗಿ ಕೆಳಗೆ ಅಂಟಿಕೊಂಡಿರುತ್ತದೆ. ಅಂಚು ಹರಿದಂತೆ ಕತ್ತರಿಸಿದ್ದರೆ ಅಲ್ಲಿಂದಲೇ ನೀರು, ಧೂಳು ಒಳಹೊಕ್ಕು ಸ್ಟಿಕರ್ ಏಳುತ್ತದೆ. ಮೊದಲು ಬೀಳುವುದು ಒತ್ತೇ. ಆಮೇಲೆ "ಮಕ್ಕಳು" ಹೋಗಿ "ಮಕಳು" ಆಗುತ್ತದೆ, "ಅಕ್ಕಿ" ಹೋಗಿ "ಅಕಿ" ಆಗುತ್ತದೆ, "ಕನ್ನಡ"ವೇ "ಕನಡ" ಆಗಿ ನಿಲ್ಲುತ್ತದೆ. ಶಾಲೆಯ ಗೇಟಿನಲ್ಲಿ ಮಕ್ಕಳು ದಿನಾ ಓದುವುದು ಅದನ್ನೇ.

ಇದರಲ್ಲಿ ಹಾಸಿನ ಪಾತ್ರವೇನು? ಬ್ಲೇಡಿನ ತುದಿ ಸ್ಟಿಕರ್ ದಾಟಿ ಕೆಳಗಿನ ಹಾಸನ್ನು ಮುಟ್ಟುತ್ತದೆ. ಹಾಸಿನಲ್ಲಿ ಮರದ ನಾರು ಇದ್ದರೆ ತುದಿ ನಾರಿನ ದಾರಿ ಹಿಡಿಯುತ್ತದೆ. ಹಳೆಯ ಗೀರು ಇದ್ದರೆ ಗೀರಿಗೆ ಬೀಳುತ್ತದೆ. ಗಾಜಿನಂತೆ ಗಟ್ಟಿ ಇದ್ದರೆ ಜಾರುತ್ತದೆ. ಕನ್ನಡದ ಅಕ್ಷರ ದುಂಡು, ಒಂದೇ ಅಕ್ಷರ ಸುತ್ತಿ ಬರುವಷ್ಟರಲ್ಲಿ ಬ್ಲೇಡು ನಾಲ್ಕೂ ದಿಕ್ಕಿಗೆ ತಿರುಗುತ್ತದೆ. ತಾಳೆಗರಿಯ ಮೇಲೆ ಕಂಠದಿಂದ ನೇರ ಗೆರೆ ಎಳೆದರೆ ನಾರಿನ ಉದ್ದಕ್ಕೆ ಗರಿ ಸೀಳುತ್ತಿತ್ತು, ಅದಕ್ಕೇ ನಮ್ಮ ಲಿಪಿ ದುಂಡಾಯಿತು ಎಂದು ವಿದ್ವಾಂಸರು ಹೇಳುವುದುಂಟು. ಪ್ಲೈವುಡ್ ಮೇಲೆ ಅಕ್ಷರ ಕತ್ತರಿಸುವವರಿಗೆ ಆ ನಾರಿನ ಕಾಟ ಈಗಲೂ ತಿಳಿಯುತ್ತದೆ.

2. ಮೊದಲು ಕೆಲಸದ ಪಟ್ಟಿ ಬರೆಯಿರಿ

ಅಂಗಡಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ನಿಮ್ಮ ಸಂಘ ವರ್ಷಕ್ಕೆ ಏನೇನು ಕತ್ತರಿಸುತ್ತದೆ ಎಂದು ಬರೆಯಿರಿ. ಸಾಮಾನ್ಯವಾಗಿ ಪಟ್ಟಿ ಹೀಗಿರುತ್ತದೆ.

ಅ) ಸ್ಟಿಕರ್: ಹಾಳೆಯ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅಡಿಯಲ್ಲಿ ಜಾರು ಕಾಗದ. ಅಕ್ಷರ ಕತ್ತರಿಸುವಾಗ ಮೇಲಿನ ಹಾಳೆ ಮಾತ್ರ ಕತ್ತರಿಸಿ ಕಾಗದ ಉಳಿಯಬೇಕು. ತುಂಡು ಮಾಡುವಾಗ ಎರಡೂ ಕತ್ತರಿಸಬೇಕು.

ಆ) ಸನ್‌ಬೋರ್ಡ್: 3 ಮತ್ತು 5 ಮಿ.ಮೀ. ಹೆಚ್ಚು ಬಳಕೆ. ಒಂದೇ ಸಲಕ್ಕೆ ಒತ್ತಿ ಕೊಯ್ಯಬಾರದು, ಮೂರು ನಾಲ್ಕು ಸಲ ಹಗುರಾಗಿ ಎಳೆಯಬೇಕು.

ಇ) ಕೊರೆಯಚ್ಚು: ಬಣ್ಣ ಬಳಿಯಲು ದಪ್ಪ ಕಾಗದದಲ್ಲಿ ಅಥವಾ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸುವ ಅಕ್ಷರ. "ಠ", "ರ" ಮುಂತಾದವುಗಳ ಒಳಗಿನ ದುಂಡು ಉದುರದಂತೆ ಸಣ್ಣ ಸೇತುವೆ ಬಿಡಬೇಕಾದ್ದರಿಂದ ಇದು ನಾಜೂಕಿನ ಕೆಲಸ.

ಈ) ಎ.ಸಿ.ಪಿ. ಶೀಟು: 3 ಅಥವಾ 4 ಮಿ.ಮೀ., ಎರಡೂ ಕಡೆ ತೆಳ್ಳಗಿನ ಅಲ್ಯೂಮಿನಿಯಂ, ನಡುವೆ ಪ್ಲಾಸ್ಟಿಕ್. ಗೀರಿ ಮುರಿಯುವುದು ಅಥವಾ ಗರಗಸದಿಂದ ಕೊಯ್ಯುವುದು.

ಉ) ಅಕ್ರಿಲಿಕ್: ಕೊಕ್ಕೆ ಬ್ಲೇಡಿನಿಂದ ಹಲವು ಸಲ ಗೀರಿ, ಮೇಜಿನ ಅಂಚಿಗಿಟ್ಟು ಮುರಿಯುವುದು.

ಊ) ಬಟ್ಟೆ, ಫ್ಲೆಕ್ಸ್: ಉದ್ದನೆಯ ನೇರ ಗೆರೆ, ಹೆಚ್ಚು ನಾಜೂಕು ಬೇಡ.

ಮೊದಲ ಮೂರು ಅಕ್ಷರದ ಕೆಲಸ. ನಂತರದ ಎರಡು ಒರಟು ಕೆಲಸ. ಕೊನೆಯದು ಎಲ್ಲಿ ಬೇಕಾದರೂ ಆಗುತ್ತದೆ. ಅಕ್ಷರದ ಹಾಸಿನ ಮೇಲೆ ಒರಟು ಕೆಲಸ ಮಾಡಿದರೆ ಎರಡೇ ದಿನದಲ್ಲಿ ಅದು ಅಕ್ಷರಕ್ಕೆ ಬಾರದಂತಾಗುತ್ತದೆ.

3. ಹಾಸುಗಳು ಒಂದೊಂದಾಗಿ

ಕಟಿಂಗ್ ಮ್ಯಾಟ್

ಹಸಿರು ಅಥವಾ ಕಪ್ಪು ಬಣ್ಣದ, ಚೌಕುಳಿ ಗೆರೆ ಇರುವ ಹಾಸು. ಮೃದುವಾದ ಪಿ.ವಿ.ಸಿ. ಪದರಗಳಿಂದ ಮಾಡಿದ್ದು. ಮೂರು ಪದರದ್ದೂ ಐದು ಪದರದ್ದೂ ಸಿಗುತ್ತವೆ, ಸಾಮಾನ್ಯ ದಪ್ಪ 3 ಮಿ.ಮೀ. "ತಾನೇ ಮಾಯುವ ಹಾಸು" ಎಂದು ಮಾರುತ್ತಾರೆ. ಮಾಯುವುದು ಎಂದರೆ ಗಾಯ ಮಾದಂತೆ ಅಲ್ಲ. ತೆಳ್ಳಗಿನ ಬ್ಲೇಡು ನೇರವಾಗಿ ಇಳಿದಾಗ ಮೃದುವಾದ ಪದರ ಅಕ್ಕಪಕ್ಕ ಸರಿದು, ಬ್ಲೇಡು ಹೊರಬಂದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ, ಅಷ್ಟೇ. ಬ್ಲೇಡನ್ನು ಓರೆಯಾಗಿ ಹಾಕಿ ಚೂರು ಕಿತ್ತು ಬಂದರೆ ಅದು ಕೂಡಿಕೊಳ್ಳುವುದಿಲ್ಲ.

ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಹಾಸು ನಮಗೆ ತಿಳಿದಿಲ್ಲ. ನಾರಿಲ್ಲ, ಹಾಗಾಗಿ ದುಂಡು ತಿರುವಿನಲ್ಲಿ ಬ್ಲೇಡು ಕೈ ಹೇಳಿದಂತೆ ಕೇಳುತ್ತದೆ. ತುದಿ ಸ್ವಲ್ಪ ಕಚ್ಚುವುದರಿಂದ ಜಾರುವುದಿಲ್ಲ. ಬ್ಲೇಡು ಬೇಗ ಮೊಂಡಾಗುವುದೂ ಇಲ್ಲ. ಇದರ ಶತ್ರು ಎರಡು, ಬಿಸಿ ಮತ್ತು ಥಿನ್ನರ್. ಬಿಸಿಲಿಗೆ, ಇಸ್ತ್ರಿಪೆಟ್ಟಿಗೆಗೆ, ಬಿಸಿ ಚಹಾದ ಲೋಟಕ್ಕೆ ಸೊಟ್ಟಗಾಗುತ್ತದೆ. ಒಮ್ಮೆ ಸೊಟ್ಟಗಾದರೆ ಮತ್ತೆ ಸಮವಾಗುವುದು ಕಷ್ಟ.

ಟಫನ್ಡ್ ಗಾಜು

ಕಾಯಿಸಿ ಬೇಗ ತಣಿಸಿ ಗಟ್ಟಿ ಮಾಡಿದ ಗಾಜು. ಅಷ್ಟೇ ದಪ್ಪದ ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಬಲ ಹೆಚ್ಚು. ಒಡೆದರೂ ಚೂಪಾದ ದೊಡ್ಡ ಚೂರಾಗದೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಸುರಕ್ಷಾ ಗಾಜಿಗೆ ಭಾರತೀಯ ಮಾನಕ ಐ.ಎಸ್. 2553. ಮೇಜಿಗೆ 10 ಮಿ.ಮೀ. ದಪ್ಪ ಸಾಕು. ಸಾಮಾನ್ಯ ಕಿಟಕಿ ಗಾಜನ್ನು ಯಾವ ಕಾರಣಕ್ಕೂ ಹಾಸಬೇಡಿ.

ಗಾಜಿನ ಮೇಲೆ ಗೀರು ಬೀಳುವುದು ಕಡಿಮೆ, ಪೂರ್ತಿ ಸಮತಟ್ಟು, ಬಿಸಿಗೆ ಬಾಗುವುದಿಲ್ಲ. ಅಂಟು ಹತ್ತಿದರೆ ಬ್ಲೇಡಿನಿಂದ ಕೆರೆದು ತೆಗೆಯಬಹುದು. ಅಡಿಯಲ್ಲಿ ಗೆರೆ ಹಾಕಿದ ಬಿಳಿ ಕಾಗದ ಇಟ್ಟರೆ ಸಾಲು ನೇರವಾಗಿ ಜೋಡಿಸಲು ಅನುಕೂಲ. ಸ್ಟಿಕರ್ ಅನ್ನು ಸ್ಕೇಲು ಹಿಡಿದು ತುಂಡು ಮಾಡಲು, ಅಕ್ಷರ ಜೋಡಿಸಿ ಅಂಟು ಹಾಳೆಗೆ ಎತ್ತಲು ಬಹಳ ಒಳ್ಳೆಯದು. ಆದರೆ ಬ್ಲೇಡಿನ ತುದಿ ಗಾಜಿಗೆ ತಾಗಿದೊಡನೆ ಮೊಂಡಾಗುತ್ತದೆ, ದುಂಡು ತಿರುವಿನಲ್ಲಿ ಜಾರುತ್ತದೆ. ಕೈಯಿಂದ ಒತ್ತಕ್ಷರ ಕತ್ತರಿಸಲು ಇದು ಸರಿಹೋಗದು.

ಟಫನ್ಡ್ ಮಾಡಿದ ಮೇಲೆ ಗಾಜನ್ನು ಕತ್ತರಿಸಲು, ತೂತು ಹಾಕಲು ಬರುವುದಿಲ್ಲ. ಅಳತೆಯನ್ನು ಎರಡು ಸಲ ನೋಡಿ ಬರೆದು ಕೊಡಿ, ಅಂಚು ಉಜ್ಜಿ ಕೊಡಲು ಹೇಳಿ. ಈ ಗಾಜಿನ ಬಲಹೀನತೆ ಅಂಚು ಮತ್ತು ಮೂಲೆ, ಅಲ್ಲಿ ಬಿದ್ದ ಪೆಟ್ಟಿಗೆ ಇಡೀ ಹಾಳೆ ಪುಡಿಯಾಗಬಹುದು. ತಾಳವಾಡಿಗೆ ತರಿಸುವವರು ಸಾಗಾಟವನ್ನೂ ಲೆಕ್ಕ ಹಾಕಬೇಕು. ಸತ್ಯಮಂಗಲದ ಕಡೆಯಿಂದ ಬಂದರೆ ದಿಂಬಂ ಘಟ್ಟದ 27 ತಿರುವು ಹತ್ತಬೇಕು, 2022ರ ಫೆಬ್ರವರಿಯಿಂದ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಹಗಲಿನಲ್ಲಿ, ಗಾಜನ್ನು ಮಲಗಿಸದೆ ನಿಲ್ಲಿಸಿ, ಎರಡೂ ಕಡೆ ಕಂಬಳಿ ಕೊಟ್ಟು ಕಟ್ಟಿ ತನ್ನಿ. ಚಾಮರಾಜನಗರದ ಕಡೆಯಿಂದ ತಂದರೆ ಈ ತಿರುವುಗಳ ತೊಂದರೆ ತಪ್ಪುತ್ತದೆ.

ಪ್ಲಾಸ್ಟಿಕ್ ಹಲಗೆ

ಹೋಟೆಲು, ಮಾಂಸದಂಗಡಿಗಳಲ್ಲಿ ತರಕಾರಿ, ಮಾಂಸ ಕತ್ತರಿಸಲು ಇಡುವ ಬಿಳಿ ಹಲಗೆ, ಎಚ್.ಡಿ.ಪಿ.ಇ. ಅಥವಾ ಪಿ.ಪಿ. 10–12 ಮಿ.ಮೀ. ದಪ್ಪದ್ದು ಗಟ್ಟಿ. ನೀರು ಹೀರದು, ಥಿನ್ನರ್‌ಗೆ ಬೇಗ ಹಾಳಾಗದು, ಸನ್‌ಬೋರ್ಡ್ ಕೊಯ್ಯಲು ಚೆನ್ನಾಗಿದೆ. ಆದರೆ ಗೀರು ಬಿದ್ದರೆ ಹಾಗೇ ಉಳಿಯುತ್ತದೆ, ಮುಂದಿನ ಸಲ ಬ್ಲೇಡು ಅದೇ ಗೀರಿಗೆ ಇಳಿಯುತ್ತದೆ. ದಪ್ಪ ಹಲಗೆಯಾದರೆ ಬಡಗಿಯ ಕೈಯಲ್ಲಿ ಮೇಲ್ಮೈ ಹೆರೆಸಿ ಮತ್ತೆ ಬಳಸಬಹುದು, ಇದು ಇದರ ದೊಡ್ಡ ಗುಣ. ತೆಳ್ಳಗಿನದು ಬಿಸಿಗೆ ಬಾಗುತ್ತದೆ.

ರಬ್ಬರ್ ಹಾಳೆ

ನೆಲಕ್ಕೆ, ಯಂತ್ರದ ಅಡಿಗೆ ಹಾಸುವ ನುಣುಪಾದ ರಬ್ಬರ್. ಬ್ಲೇಡಿಗೆ ಹಿತ. ಆದರೆ ತೀರ ಮೃದುವಾದ ರಬ್ಬರಿನ ಮೇಲೆ ಸ್ಟಿಕರ್ ಒತ್ತಿದ ಕಡೆ ತಗ್ಗಿ ಅಂಚು ಓರೆಯಾಗುತ್ತದೆ. ಕಪ್ಪು ರಬ್ಬರು ಬಿಳಿ ಸ್ಟಿಕರಿಗೆ ಮಸಿ ಹತ್ತಿಸುತ್ತದೆ. ಬೇರೇನೂ ಸಿಗದಿದ್ದಾಗ ಮಾತ್ರ.

ಪ್ಲೈವುಡ್, ಎಂ.ಡಿ.ಎಫ್., ಹಾರ್ಡ್‌ಬೋರ್ಡ್

ಇವು ಹೋದರೆ ಹೋಗಲಿ ಎನ್ನುವ ಹಲಗೆಗಳು. ಗರಗಸದ ಕೆಲಸ, ಎ.ಸಿ.ಪಿ. ಗೀರುವುದು, ತೂತು ಕೊರೆಯುವುದು ಇವುಗಳ ಮೇಲೆಯೇ ಆಗಬೇಕು. ಪ್ಲೈವುಡ್‌ನಲ್ಲಿ ನಾರಿನ ತೊಂದರೆ ಇದೆ. ಎಂ.ಡಿ.ಎಫ್., ಹಾರ್ಡ್‌ಬೋರ್ಡ್‌ಗಳಲ್ಲಿ ನಾರಿನ ದಿಕ್ಕಿಲ್ಲದ ಕಾರಣ ಹೊಸದಿದ್ದಾಗ ಅಕ್ಷರವೂ ಪರವಾಗಿಲ್ಲ, ಆದರೆ ಬೇಗ ಗೀರಾಗಿ ಪುಡಿ ಏಳುತ್ತದೆ. ಆ ಪುಡಿ ಸ್ಟಿಕರಿನ ಅಂಟಿಗೆ ಹತ್ತಿದರೆ ಫಲಕದ ಮೇಲೆ ಗುಳ್ಳೆ. ನೀರು ಬಿದ್ದರೆ ಎಂ.ಡಿ.ಎಫ್. ಊದಿಕೊಳ್ಳುತ್ತದೆ.

ಮೇಜಿನ ಮೈಗೆ ಮಾತ್ರ ಒಳ್ಳೆಯ ಪ್ಲೈವುಡ್ ಬೇಕು. ಸಾಧಾರಣ ಬಳಕೆಯ ಪ್ಲೈವುಡ್‌ಗೆ ಐ.ಎಸ್. 303, ನೀರು ತಡೆಯುವ ಮರೀನ್ ಪ್ಲೈವುಡ್‌ಗೆ ಐ.ಎಸ್. 710 ಮುದ್ರೆ ಇರುತ್ತದೆ. ಬಿಲ್ಲಿನಲ್ಲಿ ಆ ಸಂಖ್ಯೆ ಬರೆಸಿಕೊಳ್ಳಿ.

ತಗಡು, ಗ್ರಾನೈಟ್, ಅಕ್ರಿಲಿಕ್

ತಗಡು ಮತ್ತು ಗ್ರಾನೈಟ್ ಬ್ಲೇಡನ್ನು ತಿನ್ನುತ್ತವೆ. ಅಕ್ರಿಲಿಕ್ ಹಾಸಿನ ಮೇಲೆ ಬಿದ್ದ ಗೀರಿನ ಚೂರು ಮೇಲೆದ್ದು ಸ್ಟಿಕರಿಗೆ ಚುಚ್ಚುತ್ತದೆ. ಮೂರೂ ಬೇಡ.

4. ಕೊಳ್ಳುವಾಗ ಮಾಡುವ ಪರೀಕ್ಷೆ

ಕಟಿಂಗ್ ಮ್ಯಾಟ್ ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಸ್ಟೀಲ್ ಸ್ಕೇಲು, ಹೊಸ ಬ್ಲೇಡು ಹಾಕಿದ ಕಟ್ಟರ್, ಒಂದು ತುಂಡು ಸ್ಟಿಕರ್ ಇರಲಿ.

ಮೊದಲು, ಹಾಸನ್ನು ಸಮವಾದ ನೆಲದ ಮೇಲೆ ಬಿಡಿ. ಮೂಲೆ ಎದ್ದರೆ ಬೇಡ. ಸುರುಳಿ ಸುತ್ತಿ ಮಾರುವ ಮ್ಯಾಟು ನಮ್ಮ ಕೆಲಸಕ್ಕೆ ಆಗುವುದಿಲ್ಲ.

ಎರಡನೆಯದು, ಅದರ ಮೇಲೆ ಅಚ್ಚು ಹಾಕಿದ ಗೆರೆಗಳನ್ನು ಸ್ಟೀಲ್ ಸ್ಕೇಲಿನಿಂದ ಅಳೆಯಿರಿ. ಅಗ್ಗದ ಮ್ಯಾಟುಗಳಲ್ಲಿ 30 ಸೆಂ.ಮೀ.ಗೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇರುವುದುಂಟು. ಸಾಲು ನೇರವಾಗಿ ಜೋಡಿಸಲು ಆ ಗೆರೆಗಳನ್ನೇ ನಂಬಿರುತ್ತೇವೆ.

ಮೂರನೆಯದು, ಅಂಗಡಿಯವರ ಒಪ್ಪಿಗೆ ಪಡೆದು ಮಾದರಿ ತುಂಡಿನ ಮೇಲೆ ಒಂದು ಗೆರೆ ಕತ್ತರಿಸಿ ಉಗುರು ಆಡಿಸಿ. ಉಗುರಿಗೆ ಅಂಚು ಸಿಕ್ಕಿದರೆ ಆ ಪದರ ಗಟ್ಟಿ, ಮಾಯುವುದಿಲ್ಲ.

ನಾಲ್ಕನೆಯದು, ಅದೇ ತುಂಡಿನ ಮೇಲೆ ಸ್ಟಿಕರಿನಲ್ಲಿ "ರಾಷ್ಟ್ರ" ಎಂದು ಎರಡು ಅಂಗುಲ ಎತ್ತರಕ್ಕೆ ಬರೆದು ಕತ್ತರಿಸಿ. ಷಕಾರದ ಕೆಳಗೆ ಎರಡು ಒತ್ತು ಇರುವ ಪದ ಇದು. "ಸ್ವಾತಂತ್ರ್ಯ" ಎಂದರೂ ಆದೀತು. ಒತ್ತು ಶುಚಿಯಾಗಿ ಎದ್ದು ಬಂದರೆ ಕನ್ನಡದ ಉಳಿದ ಯಾವ ಪದವೂ ಬರುತ್ತದೆ. ಅಂಗಡಿಯವರು ಇಂಗ್ಲಿಷಿನಲ್ಲಿ ನೇರ ಗೆರೆಯ ಅಕ್ಷರ ಕತ್ತರಿಸಿ ತೋರಿಸಿದರೆ ಅದು ನಮಗೆ ಪರೀಕ್ಷೆಯಲ್ಲ.

ದರ ಊರಿಂದೂರಿಗೆ ಬೇರೆ. ಸಂಘದ ಹಣವಾದ್ದರಿಂದ ಮೂರು ಕಡೆಯ ದರಪಟ್ಟಿ ತೆಗೆದು ಕಡತಕ್ಕೆ ಸೇರಿಸಿ, ಆಮೇಲೆ ಕೊಳ್ಳಿ. ಅತಿ ಕಡಿಮೆ ದರದ್ದೇ ಆಗಬೇಕೆಂದಿಲ್ಲ. ಮೇಲಿನ ನಾಲ್ಕು ಪರೀಕ್ಷೆಯಲ್ಲಿ ಗೆದ್ದುದರಲ್ಲಿ ಕಡಿಮೆ ದರದ್ದು ಆಗಲಿ. ಆ ಕಾರಣವನ್ನು ನಡಾವಳಿಯಲ್ಲಿ ಬರೆದಿಟ್ಟರೆ ಮುಂದೆ ಪ್ರಶ್ನೆ ಬರುವುದಿಲ್ಲ.

5. ಅಳತೆ ಮತ್ತು ಮೇಜು

ಮ್ಯಾಟುಗಳು ಕಾಗದದ ಅಳತೆಯಲ್ಲಿ ಬರುತ್ತವೆ. ಎ3 ಸುಮಾರು 45×30 ಸೆಂ.ಮೀ., ಎ2 60×45, ಎ1 90×60. ಸ್ಟಿಕರ್ ಸುರುಳಿ ಸಾಮಾನ್ಯವಾಗಿ 2 ಅಡಿ ಅಥವಾ 4 ಅಡಿ ಅಗಲ. ಎರಡು ಅಡಿ ಸುರುಳಿಯ ಅಗಲ 61 ಸೆಂ.ಮೀ., ಎ1 ಮ್ಯಾಟಿನ ಮೇಲೆ ಬಹುತೇಕ ಪೂರ್ತಿ ಕೂರುತ್ತದೆ. ಸಂಘಕ್ಕೆ ಎ1 ಒಂದು ಇದ್ದರೆ ಸಾಕು. ನಾಲ್ಕು ಅಡಿ ಸುರುಳಿ ಬಳಸುವವರೂ ದೊಡ್ಡ ಮ್ಯಾಟು ಹುಡುಕಬೇಕಿಲ್ಲ. ಉದ್ದ ಕತ್ತರಿಸುವುದನ್ನು ಗಾಜಿನ ಮೇಲೆ ಮಾಡಿ, ಅಕ್ಷರಕ್ಕೆ ಮಾತ್ರ ಮ್ಯಾಟಿಗೆ ಬನ್ನಿ.

ಮೇಜು ಅಲುಗಾಡಬಾರದು. ಪ್ಲೈವುಡ್ ಹಾಳೆ 8×4 ಅಡಿ ಬರುವುದರಿಂದ ಅದನ್ನು ಕತ್ತರಿಸದೆ ಹಾಗೇ ಮೈಯಾಗಿ ಬಳಸಬಹುದು. 18–19 ಮಿ.ಮೀ. ದಪ್ಪ, ಅಡಿಯಲ್ಲಿ ಎರಡು ಅಡಿಗೊಂದು ಪಟ್ಟಿ. ನಿಂತು ಕತ್ತರಿಸುವವರಿಗೆ ಎತ್ತರ ಮೂರು ಅಡಿ ಆಸುಪಾಸು, ಮೊಣಕೈಗಿಂತ ಸ್ವಲ್ಪ ಕೆಳಗೆ. ನಮ್ಮ ವಯಸ್ಸಿನವರು ಕುಳಿತು ಮಾಡುವುದಾದರೆ ಶಾಲೆಯ ಮೇಜಿನ ಎತ್ತರವೇ ಸಾಕು. ಮೇಜಿನ ಮೈ ತಗ್ಗಿದ್ದರೆ ಮೇಲಿನ ಮ್ಯಾಟೂ ತಗ್ಗುತ್ತದೆ, ಗಾಜಾದರೆ ಬಿರುಕು ಬಿಡಬಹುದು. ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ನಿಲ್ಲಿಸಿ ಅಡಿಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ.

6. ಬ್ಲೇಡಿನ ಮಾತು

ಮುರಿದುಕೊಳ್ಳುವ ಬ್ಲೇಡನ್ನು ಜಪಾನಿನ ಯೋಶಿಯೋ ಒಕಾಡಾ ಎಂಬವರು ಕಂಡುಹಿಡಿದದ್ದು 1956ರಲ್ಲೇ, ನಮ್ಮ ಗಡಿ ಗೆರೆ ಬಿದ್ದ ವರ್ಷ. ಚಾಕೊಲೇಟ್ ಹಲಗೆ ಮುರಿಯುವುದನ್ನೂ, ಚಮ್ಮಾರರು ಗಾಜಿನ ಚೂರು ಮುರಿದು ಹೊಸ ಅಂಚು ಬಳಸುವುದನ್ನೂ ನೋಡಿ ಹೊಳೆದದ್ದಂತೆ. ಅವರ ಓಲ್ಫಾ ಕಂಪನಿಯ ಹೆಸರಿಗೆ ಜಪಾನಿ ಭಾಷೆಯಲ್ಲಿ "ಮುರಿಯುವ ಅಲಗು" ಎಂಬ ಮಾತೇ ಮೂಲ.

ಈಗ ಎಲ್ಲ ಕಂಪನಿಗಳದೂ ಮುಖ್ಯವಾಗಿ ಎರಡು ಅಗಲ: 9 ಮಿ.ಮೀ. ಮತ್ತು 18 ಮಿ.ಮೀ. ಅಕ್ಷರಕ್ಕೆ 9, ಸನ್‌ಬೋರ್ಡ್ ಮತ್ತು ಎ.ಸಿ.ಪಿ.ಗೆ 18. ಒತ್ತಕ್ಷರಕ್ಕೆ 9 ಮಿ.ಮೀ.ನಲ್ಲೇ 30 ಡಿಗ್ರಿ ಚೂಪಿನ ಬ್ಲೇಡು ಸಿಕ್ಕಿದರೆ ಉತ್ತಮ. ತುದಿ ಹೆಚ್ಚು ಚೂಪಿರುವುದರಿಂದ ಸಣ್ಣ ತಿರುವು ಸುಲಭ.

ಹಾಸು ಹಾಳಾಗಲು ದೊಡ್ಡ ಕಾರಣ ಮೊಂಡು ಬ್ಲೇಡು. ಮೊಂಡಾದಷ್ಟೂ ಕೈ ಒತ್ತುತ್ತದೆ, ಒತ್ತಿದಷ್ಟೂ ಹಾಸಿಗೆ ಆಳವಾದ ಗಾಯ. ಬ್ಲೇಡಿನ ಒಂದು ತುಂಡು ಉಳಿಸಲು ಹೋಗಿ ಇಡೀ ಮ್ಯಾಟು ಕಳೆದುಕೊಳ್ಳುವುದು ಲಾಭದ ಲೆಕ್ಕವಲ್ಲ. ಕೈಗೂ ಅಪಾಯ ಮೊಂಡು ಬ್ಲೇಡಿನಿಂದಲೇ ಹೆಚ್ಚು, ಒತ್ತಿ ಎಳೆಯುವಾಗ ಜಾರಿದರೆ ನೇರ ಎಡಗೈ ಬೆರಳಿಗೆ. ಮುರಿದ ತುಂಡುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ. ರಾಜ್ಯೋತ್ಸವದ ತಯಾರಿಯ ಹೊತ್ತಿನಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಿರುತ್ತಾರೆ.

7. ಯಾವ ಊರಿಗೆ ಯಾವುದು

ನಮ್ಮ ಸದಸ್ಯರು ಬೇರೆ ಬೇರೆ ಹವೆಯ ಊರುಗಳಲ್ಲಿದ್ದಾರೆ, ಆದ್ದರಿಂದ ಒಂದೇ ಮಾತು ಎಲ್ಲರಿಗೂ ಹೊಂದದು.

ಕಾಸರಗೋಡು, ಮಂಜೇಶ್ವರ ಕಡೆ: ಮಳೆ ಹೆಚ್ಚು, ಗಾಳಿಯಲ್ಲಿ ತೇವ. ಎಂ.ಡಿ.ಎಫ್., ಹಾರ್ಡ್‌ಬೋರ್ಡ್ ಊದುತ್ತವೆ, ಸಾಧಾರಣ ಪ್ಲೈವುಡ್ ಪದರ ಬಿಡುತ್ತದೆ. ಮೇಜಿಗೆ ಮರೀನ್ ಪ್ಲೈವುಡ್, ಒರಟು ಕೆಲಸಕ್ಕೆ ಪ್ಲಾಸ್ಟಿಕ್ ಹಲಗೆ. ಮ್ಯಾಟಿಗೆ ತೇವದಿಂದ ತೊಂದರೆ ಇಲ್ಲ, ಆದರೆ ಅಡಿಯಲ್ಲಿ ನೀರು ನಿಂತರೆ ಬೂಷ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಎತ್ತಿ ಒರೆಸಿ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗ ಕಡೆ: ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಸೂರಿನ ಕೋಣೆಯಾದರೆ ಒಳಗೆ ಇನ್ನೂ ಹೆಚ್ಚು. ಅಲ್ಲಿ ಮ್ಯಾಟನ್ನು ಕಿಟಕಿಯ ಬಿಸಿಲಿಗೆ ಬಿಡಬೇಡಿ, ಕೆಲಸ ಮುಗಿದ ಮೇಲೆ ಮಂಚದ ಅಡಿಯಲ್ಲೋ ಬೀರುವಿನ ಅಡಿಯಲ್ಲೋ ಮಲಗಿಸಿ ಇಡಿ. ಗಾಜಿಗೆ ಅಲ್ಲಿ ಹೆಚ್ಚು ಪ್ರಯೋಜನ.

ತಾಳವಾಡಿ, ಗೂಡಲೂರು ಮುಂತಾದ ಬೆಟ್ಟದ ಸೀಮೆ: ಬಿಸಿಯ ತೊಂದರೆ ಕಡಿಮೆ, ಸಾಗಾಟದ ತೊಂದರೆ ಹೆಚ್ಚು. ಮ್ಯಾಟು ಹಗುರ, ಬಸ್ಸಿನಲ್ಲೂ ತರಬಹುದು. ಆದರೆ ಬಾಗಿಸಬೇಡಿ, ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿ. ಚಳಿಗಾಲದ ಬೆಳಿಗ್ಗೆ ಸ್ಟಿಕರಿನ ಅಂಟು ಹಿಡಿಯುವುದು ನಿಧಾನ. ಅದಕ್ಕೆಂದು ಬಿಸಿಗಾಳಿ ಯಂತ್ರ ಬಳಸುವವರು ಆ ಕೆಲಸವನ್ನು ಮ್ಯಾಟಿನ ಮೇಲೆ ಮಾಡದೆ ಗಾಜಿನ ಮೇಲೆ ಮಾಡಿ.

8. ಬಾಳಿಕೆಗೆ ನಾಲ್ಕು ಕಟ್ಟಳೆ

ಒಂದು: ಮ್ಯಾಟಿನ ಒಂದೇ ಗೆರೆಯ ಮೇಲೆ ದಿನಾ ಕತ್ತರಿಸಬೇಡಿ. ತಿಂಗಳಿಗೊಮ್ಮೆ ಅರ್ಧ ಸುತ್ತು ತಿರುಗಿಸಿ. ಎರಡೂ ಮುಖ ಬಳಸಬಹುದಾದ ಮ್ಯಾಟಾದರೆ ಒಂದು ಮುಖ ಅಕ್ಷರಕ್ಕೆ, ಇನ್ನೊಂದು ಸನ್‌ಬೋರ್ಡಿಗೆ ಎಂದು ಗುರುತು ಹಾಕಿ.

ಎರಡು: ಎ.ಸಿ.ಪಿ., ಅಕ್ರಿಲಿಕ್ ಮ್ಯಾಟಿನ ಹತ್ತಿರಕ್ಕೂ ಬೇಡ. ಅಲ್ಯೂಮಿನಿಯಂ ಸಿಬಿರು ಮ್ಯಾಟಿನಲ್ಲಿ ಹೂತರೆ ಕಣ್ಣಿಗೆ ಕಾಣದು, ಮುಂದೆ ಪ್ರತಿ ಸ್ಟಿಕರಿಗೂ ಗೀರು ಹಾಕುತ್ತದೆ, ಬ್ಲೇಡಿನ ತುದಿ ಮುರಿಯುತ್ತದೆ.

ಮೂರು: ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆಯ ಬಟ್ಟೆ. ಅಷ್ಟೇ. ಥಿನ್ನರ್, ಪೆಟ್ರೋಲ್, ಕುದಿನೀರು ಬೇಡ. ಅಂಟಿನ ಕಲೆ ಇದ್ದರೆ ಅಗಲವಾದ ಅಂಟುಪಟ್ಟಿ ಒತ್ತಿ ಕಿತ್ತರೆ ಬಹುಪಾಲು ಬರುತ್ತದೆ.

ನಾಲ್ಕು: ಮಲಗಿಸಿ ಇಡಿ. ಗೋಡೆಗೆ ಒರಗಿಸಿದರೆ ಬಾಗುತ್ತದೆ, ಸುರುಳಿ ಸುತ್ತಿದರೆ ಪದರ ಬಿಡುತ್ತದೆ.

ಹಾಸು ಬದಲಿಸುವ ಕಾಲ ಯಾವಾಗ? ಕಣ್ಣು ಮುಚ್ಚಿ ಬೆರಳ ತುದಿ ಆಡಿಸಿ. ಗೀರು ತಿಳಿಯುವ ಜಾಗಗಳನ್ನು ಸೀಮೆಸುಣ್ಣದಿಂದ ಗುರುತಿಸಿ. ನಡುವೆ ಒಂದು ಅಡಿ ಚೌಕದಷ್ಟು ನುಣುಪು ಜಾಗ ಉಳಿದಿಲ್ಲವಾದರೆ ಅದು ಅಕ್ಷರಕ್ಕೆ ನಿವೃತ್ತಿ. ಸನ್‌ಬೋರ್ಡ್ ಕೊಯ್ಯಲು ಇನ್ನೂ ಕೆಲವು ವರ್ಷ ಸೇವೆ ಮಾಡುತ್ತದೆ, ಎಸೆಯಬೇಡಿ.

9. ನಮ್ಮ ಶಿಫಾರಸು

ವರ್ಷಕ್ಕೆ ನಾಲ್ಕೈದು ಫಲಕ ಮಾಡುವ ಸಣ್ಣ ಸಂಘ: ಎ2 ಅಳತೆಯ ಒಳ್ಳೆಯ ಮ್ಯಾಟು ಒಂದು, ಎಂ.ಡಿ.ಎಫ್. ತುಂಡು ಒಂದು, 9 ಮಿ.ಮೀ. ಕಟ್ಟರ್, ಎರಡು ಅಡಿ ಸ್ಟೀಲ್ ಸ್ಕೇಲು. ಇರುವ ಮೇಜೇ ಸಾಕು.

ತಿಂಗಳಿಗೆ ಒಂದೆರಡು ಫಲಕ ಮಾಡುವ ಸಂಘ: 8×4 ಪ್ಲೈವುಡ್ ಮೇಜು, ಎ1 ಮ್ಯಾಟು, ಒರಟು ಕೆಲಸಕ್ಕೆ ದಪ್ಪ ಪ್ಲಾಸ್ಟಿಕ್ ಹಲಗೆ, ಎರಡೂ ಅಗಲದ ಕಟ್ಟರ್.

ಫಲಕದ ಕೆಲಸವನ್ನೇ ಜೀವನೋಪಾಯ ಮಾಡಿಕೊಂಡ ಯುವಕರು: ಮೇಲಿನದರ ಜೊತೆಗೆ ಮೇಜಿನ ಅರ್ಧ ಭಾಗಕ್ಕೆ 10 ಮಿ.ಮೀ. ಟಫನ್ಡ್ ಗಾಜು. ಅರ್ಧ ಗಾಜು, ಅರ್ಧ ಮ್ಯಾಟು. ಎ.ಸಿ.ಪಿ. ಕೆಲಸಕ್ಕೆ ಬೇರೆಯೇ ಒಂದು ಹಲಗೆ, ಸಾಧ್ಯವಾದರೆ ಬೇರೆ ಕೋಣೆ.

ಯಂತ್ರದಲ್ಲಿ ಕತ್ತರಿಸಿಕೊಂಡು ಬರುವವರಿಗೆ ಒಂದು ಮಾತು. ಕನ್ನಡ ತಿಳಿಯದ ಅಂಗಡಿಯಲ್ಲಿ ಒತ್ತಕ್ಷರ ಬಿಡಿಬಿಡಿಯಾಗುವುದು, "ರಾಜ್‌ಕುಮಾರ್" ಎಂಬುದು ಜಕಾರಕ್ಕೆ ಕಕಾರದ ಒತ್ತು ಬಿದ್ದು "ರಾಜ್ಕುಮಾರ್" ಆಗುವುದು ಇದ್ದದ್ದೇ. ಬರಹವನ್ನು ಮನೆಯಲ್ಲೇ ಸರಿಯಾಗಿ ಜೋಡಿಸಿ, ಅಕ್ಷರವನ್ನು ಆಕೃತಿಯಾಗಿ ಬದಲಿಸಿದ ಕಡತವನ್ನೇ ಕೊಡಿ. ಕತ್ತರಿಸುವ ಮುನ್ನ ಪರದೆಯ ಮೇಲೆ ಕನ್ನಡ ಬಲ್ಲವರೊಬ್ಬರು ಓದಿ ನೋಡಲಿ. ತಪ್ಪಿದ ಒಂದು ಒತ್ತನ್ನು ಮನೆಯ ಮ್ಯಾಟಿನ ಮೇಲೆ ಐದು ನಿಮಿಷದಲ್ಲಿ ಕತ್ತರಿಸಿ ಅಂಟಿಸಬಹುದು. ಅದಕ್ಕಾಗಿ ಮತ್ತೊಮ್ಮೆ ಘಟ್ಟ ಇಳಿಯಬೇಕಿಲ್ಲ.

ಹಳೆಯ ಫಲಕಗಳನ್ನೂ ಈ ನೆಪದಲ್ಲಿ ಒಮ್ಮೆ ನೋಡಿಕೊಂಡು ಬನ್ನಿ. ನಿಮ್ಮೂರಿನ ಕನ್ನಡ ಶಾಲೆ, ವಾಚನಾಲಯ, ಸಂಘದ ಕಚೇರಿ ಇವುಗಳ ಫಲಕದಲ್ಲಿ ಒತ್ತು ಬಿದ್ದಿರುವ ಅಕ್ಷರ ಎಷ್ಟಿವೆ ಎಂದು ಪಟ್ಟಿ ಮಾಡಿ. ಪಟ್ಟಿ ಮಾಡಿದ ಸದಸ್ಯರು ಮುಂದಿನ ಸಭೆಗೆ ತರಬೇಕಾಗಿ ಕೋರುತ್ತೇವೆ. ಹಾಸು, ಕಟ್ಟರ್ ಇಲ್ಲದ ಶಾಖೆಗಳವರು ಫಲಕದ ಅಳತೆ ಮತ್ತು ಬೇಕಾದ ಅಕ್ಷರ ಬರೆದು ಕಳಿಸಿದರೆ, ನಮ್ಮ ಮೇಜಿನ ಮೇಲೆ ಕತ್ತರಿಸಿ ರಾಜ್ಯೋತ್ಸವಕ್ಕೆ ಮುಂಚೆ ತಲುಪಿಸುತ್ತೇವೆ.

ಕಾರ್ಯದರ್ಶಿ